ಮಗುವಿನ ಹೆಸರಿನ ವಿಚಾರ

ಲಿಸ್ಬನ್

ಪ್ರೀತಿಯ ಅಕ್ಕ, ಭಾವ,

ಮಗಳಿಗೆ ಇನೇಸ್ ಅಂತ ಇಡುವ ಯೋಚನೆ ಇದೆ, ಅದು ಎಲ್ಲಿಯ ಹೆಸರು ಅಂತ ಕೇಳಿದ್ದೀರಿ. ನಿಮಗೆ ಗೊತ್ತಿರುವ ಹೆಸರೇ. ಮಂಗಳೂರಿನ ಬೆಂದೂರಿನಲ್ಲಿ 1921ರಿಂದ ಇರುವ ಸೇಂಟ್ ಆಗ್ನೆಸ್ ಕಾಲೇಜಿನ ಆಗ್ನೆಸ್ಸೇ ಪೋರ್ಚುಗೀಸರಲ್ಲಿ ಇನೇಸ್. ಮೂಲ ಗ್ರೀಕಿನ ‘ಹಗ್ನೆ’, ಅಂದರೆ ನಿರ್ಮಲೆ. ಕುರಿಮರಿ ಎಂಬ ಅರ್ಥ ಯಾರಾದರೂ ಹೇಳಿದರೆ ಒಪ್ಪಬೇಡಿ. ಲ್ಯಾಟಿನ್‌ನಲ್ಲಿ ಕುರಿಮರಿಗೆ ‘ಆಗ್ನುಸ್’ ಅನ್ನುತ್ತಾರೆ, ಆ ಸದ್ದಿನ ಹೋಲಿಕೆಯಿಂದಲೇ ಸಂತಳ ಚಿತ್ರಗಳಲ್ಲಿ ಮರಿಯೊಂದು ಸೇರಿಕೊಂಡಿತು. ಹಬ್ಬ ಜನವರಿ 21ಕ್ಕೆ.

ಲಿಸ್ಬನ್ನಿನವರು ಕೊನೆಯ ಸ್ ಅನ್ನು ಶ್ ಮಾಡಿ ‘ಇನೇಶ್’ ಅನ್ನುತ್ತಾರೆ, ಒತ್ತು ‘ನೇ’ ಮೇಲೆ. ಅವರ ಲಿಪಿಯಲ್ಲಿ ಬರೆಯುವಾಗ ಮೂರನೆಯ ಅಕ್ಷರವಾದ e ತಲೆಯ ಮೇಲೆ ಪುಟ್ಟ ಟೋಪಿಯಂಥ ಗುರುತು ಇರಲೇಬೇಕು. ಅದಿಲ್ಲದಿದ್ದರೆ ಅವರ ಕಾಗುಣಿತದ ಪ್ರಕಾರ ಒತ್ತು ಮೊದಲ ಅಕ್ಷರಕ್ಕೆ ಜಾರಿ ಬೇರೆಯೇ ಪದವಾಗುತ್ತದೆ. ನಮ್ಮ ಪಾಸ್‌ಪೋರ್ಟಿನಲ್ಲಿ ಆ ಗುರುತು ಬರುವುದಿಲ್ಲ, ಅದಕ್ಕೆ ಚಿಂತೆ ಬೇಡ. ಆದರೆ ಜನನ ಪ್ರಮಾಣಪತ್ರ, ಚರ್ಚಿನ ದೀಕ್ಷಾಸ್ನಾನದ ದಾಖಲೆ, ಆಧಾರ್ ಎಲ್ಲದರಲ್ಲೂ ಐ, ಎನ್, ಇ, ಎಸ್ ಎಂಬ ನಾಲ್ಕೇ ಅಕ್ಷರ ಇರಲಿ. ಒಂದು ಕಡೆ ಆಗ್ನೆಸ್, ಇನ್ನೊಂದು ಕಡೆ ಇನೇಸ್ ಬರೆಸಿದರೆ ಮುಂದೆ ಅಫಿಡವಿಟ್‌ಗೆ ಓಡಾಡಬೇಕಾಗುತ್ತದೆ. ಶಾಲೆಯಲ್ಲಿ ‘ಐನ್ಸ್’ ಅಂತ ಓದುವವರೂ ಸಿಗುತ್ತಾರೆ. ಕನ್ನಡದಲ್ಲಿ ಮೊದಲೇ ‘ಇನೇಸ್’ ಅಂತ ಬರೆದುಕೊಟ್ಟುಬಿಡಿ.

ಅಮ್ಮ ಕೇಳಿಯೇ ಕೇಳುತ್ತಾರೆ, ಅಶುಭ ಏನಾದರೂ ಇದೆಯಾ ಅಂತ. ಇದೆ. ಇನೇಸ್ ದೆ ಕಾಸ್ತ್ರೊ ಎಂಬ ಗಲೀಸಿಯಾದ (ಈಗಿನ ಸ್ಪೇನಿನ ಒಂದು ಪ್ರಾಂತ) ಹೆಣ್ಣನ್ನು ಪೋರ್ಚುಗಲ್ಲಿನ ರಾಜಕುಮಾರ ಪೇದ್ರು ಪ್ರೀತಿಸಿದ್ದ. ಅವನ ಅಪ್ಪ, ನಾಲ್ಕನೆಯ ಅಫೋನ್ಸು, 1355ರ ಜನವರಿ 7ರಂದು ಕೊಯಿಂಬ್ರದಲ್ಲಿ ಅವಳನ್ನು ಕೊಲ್ಲಿಸಿದ. ಪೇದ್ರು ರಾಜನಾದ ಮೇಲೆ, ಗುಟ್ಟಾಗಿ ಮದುವೆಯಾಗಿದ್ದೆವು ಎಂದು ಸಾರಿದ. ಹೆಣಕ್ಕೆ ಕಿರೀಟ ತೊಡಿಸಿದ ಅನ್ನುವುದು ಮಾತ್ರ ಆಮೇಲಿನವರ ಕಟ್ಟುಕಥೆ. ಅಲ್ಕೊಬಾಸದ ಮಠದಲ್ಲಿ ಇಬ್ಬರ ಕಲ್ಲಿನ ಸಮಾಧಿಗಳು ಪಾದಕ್ಕೆ ಪಾದ ಎದುರಾಗಿ ಇವೆ. ಊರು ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಅಂತ ನಾವು ಅನ್ನುವ ಕಡೆ ಇವರು ‘ಇನೇಸ್ ಸತ್ತಾಯಿತು’ ಅನ್ನುತ್ತಾರೆ. ಅಷ್ಟಾದರೂ ಮಕ್ಕಳಿಗೆ ಈ ಹೆಸರಿಡುವುದನ್ನು ಇಲ್ಲಿ ಯಾರೂ ಬಿಟ್ಟಿಲ್ಲ, ಅಮ್ಮನಿಗೆ ಅದನ್ನೂ ಹೇಳಿ.

ಅಜ್ಜಿಯ ಹೆಸರೂ ಉಳಿಯಬೇಕು ಅಂತಿದ್ದರೆ ‘ಮರಿಯಾ ಇನೇಸ್’ ಅಂತ ಇಡಿ. ಇಲ್ಲಿ ಅಂಥ ಜೋಡಿ ಹೆಸರು ಸಾಮಾನ್ಯ, ಕರೆಯುವುದು ಹೆಚ್ಚಾಗಿ ಎರಡನೆಯದರಿಂದ. ನೋಂದಣಿಗೆ ಕೊಡುವ ಮುಂಚೆ ಫಾರ್ಮಿನ ಫೋಟೊ ಕಳಿಸಿ, ಕಾಗುಣಿತ ನೋಡಿ ಹೇಳುತ್ತೇನೆ.

ನಿಮ್ಮ ತಮ್ಮ