ಕುಡಿಯುವವರ ಕಾಮಾಲೆಗೆ ಪಥ್ಯ ಮಾಡಿ ದಿನ ಕಳೆಯಬೇಡಿ

ಸಂಪಾದಕರೇ, ನಮಸ್ಕಾರ.

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಯಾರ ಕಣ್ಣಾದರೂ ಹಳದಿಯಾದರೆ ಮೊದಲು ನೆನಪಾಗುವುದು ಹಳ್ಳಿಮದ್ದು. ನಾವೂ ಹಾಗೇ ಮಾಡಿದೆವು. ನನ್ನ ಅಣ್ಣ ಅಡಿಕೆ ಮರ ಹತ್ತುವವನು. ಮಳೆಗಾಲದಲ್ಲಿ ಅಡಿಕೆಗೊನೆಗೆ ಮದ್ದು ಸಿಂಪಡಿಸುವ ಕೆಲಸ, ಆಮೇಲೆ ಕೊಯ್ಲು. ಸಂಜೆ ಒಂದು ಕ್ವಾರ್ಟರ್ ಕುಡಿದು, ಉಂಡು ಮಲಗುತ್ತಿದ್ದ. ಹದಿನೈದು ವರ್ಷ ಹೀಗೇ ನಡೆಯಿತು. ದಾರಿಯಲ್ಲಿ ಬಿದ್ದವನಲ್ಲ, ಒಂದು ದಿನ ಕೆಲಸ ತಪ್ಪಿಸಿದವನಲ್ಲ, ಹಾಗಾಗಿ ಅವನನ್ನು ಕುಡುಕ ಅಂತ ಮನೆಯಲ್ಲಿ ಯಾರೂ ಅಂದುಕೊಂಡಿರಲೇ ಇಲ್ಲ.

ಕಣ್ಣು ಹಳದಿಯಾದ ಮೇಲೆ ಮೂರು ವಾರ ಬೇರಿನ ಮದ್ದು ಕುಡಿಸಿದೆವು. ಎಣ್ಣೆ ಇಲ್ಲ, ಮೀನು ಇಲ್ಲ, ಬರೀ ಗಂಜಿ. ಕೈಕಾಲು ಕಡ್ಡಿಯಾಯಿತು, ಹೊಟ್ಟೆ ಮಾತ್ರ ಉಬ್ಬುತ್ತಾ ಹೋಯಿತು. ಹಗಲಿಡೀ ನಿದ್ದೆ, ರಾತ್ರಿ ಎಚ್ಚರ, ಮಾತು ಎಲ್ಲೆಲ್ಲೋ. ಕುಲೆಯ, ಅಂದರೆ ಸತ್ತವರ ಪ್ರೇತದ, ಉಪದ್ರ ಇರಬೇಕು ಎಂದರು ಹಿರಿಯರು. ಕೊನೆಗೆ ಮಂಗಳೂರಿಗೆ ಕರೆದುಕೊಂಡು ಹೋದಾಗ ಗೊತ್ತಾಯಿತು, ಅದು ಲಿವರ್ ಸಿರೋಸಿಸ್, ಅಂದರೆ ಲಿವರಿನ ತುಂಬ ಕಲೆಯಾಗಿ ಅದು ಗಟ್ಟಿಯಾಗುವ ಕಾಯಿಲೆ. ಲಿವರ್ ಸೋಸಬೇಕಾದ ವಿಷ ತಲೆಗೆ ಏರಿತ್ತು.

ಹಳ್ಳಿಮದ್ದಿನ ಮೇಲೆ ನಂಬಿಕೆ ಬರಲು ಕಾರಣ ಇದೆ. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಕಾಮಾಲೆ ಹೆಚ್ಚಿನವರಿಗೆ ತಾನಾಗಿಯೇ ವಾಸಿಯಾಗುತ್ತದೆ, ಹೆಸರು ಮದ್ದಿಗೆ ಬರುತ್ತದೆ. ಕುಡಿತದ ಕಾಮಾಲೆ ಹಾಗಲ್ಲ. ಅದು ಕಾಣಿಸುವ ಹೊತ್ತಿಗೆ ಒಳಗೆ ಎಷ್ಟೋ ವರ್ಷಗಳ ಹಾನಿ ಆಗಿರುತ್ತದೆ.

ಲೆಕ್ಕ ಹಾಕಿ ನೋಡಿ. ಒಂದು ಕ್ವಾರ್ಟರ್, ಅಂದರೆ 180 ಎಂಎಲ್ ಬ್ರಾಂಡಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಅದನ್ನು ಒಡೆಯುವಾಗ ಲಿವರಿನಲ್ಲಿ ಅಸಿಟಾಲ್ಡಿಹೈಡ್ ಎಂಬ ವಿಷ ಹುಟ್ಟುತ್ತದೆ. ದಿನಾ ಇಷ್ಟು ಕುಡಿಯುವವರಲ್ಲಿ ಹೆಚ್ಚುಕಡಿಮೆ ಎಲ್ಲರ ಲಿವರಿನಲ್ಲೂ ಮೊದಲು ಕೊಬ್ಬು ತುಂಬುತ್ತದೆ. ನೋವಿಲ್ಲ, ಊಟ ಸೇರುತ್ತದೆ, ಯಾರಿಗೂ ತಿಳಿಯುವುದಿಲ್ಲ. ಆಗಲೇ ಬಿಟ್ಟರೆ ಕೆಲವೇ ವಾರಗಳಲ್ಲಿ ಕೊಬ್ಬು ಕರಗುತ್ತದೆ, ಇದನ್ನು ಕೇಳಿದಾಗ ನನಗೆ ಅಳು ಬಂತು. ಬಿಡದಿದ್ದರೆ ಹಲವರಿಗೆ ಉರಿಯೂತ, ಆಮೇಲೆ ಗಾಯದ ಕಲೆ, ಕಲೆ ಹೆಚ್ಚಿ ಲಿವರ್ ಗಟ್ಟಿಯಾಗುತ್ತದೆ. ಕರುಳಿನಿಂದ ಬರುವ ರಕ್ತಕ್ಕೆ ಅದರೊಳಗೆ ಸಲೀಸಾಗಿ ದಾರಿ ಸಿಗುವುದಿಲ್ಲ. ಒತ್ತಡ ಏರಿ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಅನ್ನನಾಳದ ರಕ್ತನಾಳಗಳು ಉಬ್ಬುತ್ತವೆ, ಒಡೆದರೆ ರಕ್ತ ವಾಂತಿ. ಸಕ್ಕರೆ ಕಾಯಿಲೆಯೋ ಜಾಸ್ತಿ ತೂಕವೋ ಇದ್ದರೆ ಇದೆಲ್ಲ ಇನ್ನೂ ಬೇಗ ಆಗುತ್ತದೆ. ಹೆಂಗಸರ ಲಿವರ್ ಕೆಡಲು ಇದಕ್ಕಿಂತ ಕಡಿಮೆ ಕುಡಿತವೇ ಸಾಕು. ಬಿಯರು, ಕಳ್ಳು ಅಂದರೆ ಏನೂ ಆಗುವುದಿಲ್ಲ ಅನ್ನುವ ಮಾತೂ ಸುಳ್ಳು, ಲಿವರಿಗೆ ಬಾಟಲಿಯ ಹೆಸರು ಗೊತ್ತಾಗುವುದಿಲ್ಲ, ಒಳಗಿನ ಆಲ್ಕೋಹಾಲ್ ಎಷ್ಟು ಅನ್ನುವುದೇ ಮುಖ್ಯ.

ನಾವು ಮಾಡಿದ ಇನ್ನೊಂದು ತಪ್ಪು ಆ ಬರೀ ಗಂಜಿಯ ಪಥ್ಯ. ಇಂಥ ರೋಗಿಗೆ ಮೊಟ್ಟೆ, ಬೇಳೆ, ಮೀನು ಬೇಕು, ರಾತ್ರಿ ಮಲಗುವ ಮೊದಲೂ ಏನಾದರೂ ತಿನ್ನಬೇಕು, ಉಪ್ಪು ಮಾತ್ರ ಕಡಿಮೆ. ಮೈಕೈ ನೋವಿಗೆ ಅಂಗಡಿಯಿಂದ ಸುಮ್ನೆ ಮಾತ್ರೆ ತಂದು ನುಂಗುವುದೂ ಅಪಾಯ.

ದಿನಾ ಕುಡಿಯುವವರು ಒಮ್ಮೆಲೇ ಮನೆಯಲ್ಲೇ ಬಿಡಲು ಹೋಗಬೇಡಿ. ಎರಡು ಮೂರು ದಿನದೊಳಗೆ ನಡುಕ, ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೇ ಅಪಾಯ. ಡಾಕ್ಟರ ಹತ್ತಿರ ಹೇಳಿ, ಅವರ ಮದ್ದಿನ ಜೊತೆಗೆ ಬಿಡಿ. 14446 ಎಂಬ ಉಚಿತ ಸಹಾಯವಾಣಿ ಇದೆ.

ಅಣ್ಣ ಕುಡಿತ ಬಿಟ್ಟು ಎರಡು ವರ್ಷವಾಯಿತು. ಹೊಟ್ಟೆಯ ನೀರು ಇಳಿದಿದೆ. ಮರ ಹತ್ತಲು ಆಗುವುದಿಲ್ಲ, ಅಂಗಳದಲ್ಲಿ ಕೂತು ಅಡಿಕೆ ಸುಲಿಯುತ್ತಾನೆ. ನಮ್ಮ ಮನೆಗೆ ಬಂದ ಆರೋಗ್ಯದ ಕರಪತ್ರಗಳೆಲ್ಲ ಮಲಯಾಳದಲ್ಲಿದ್ದವು, ಅಮ್ಮನಿಗೆ ಆ ಭಾಷೆ ಓದಲು ಬಾರದು, ಮಂಗಳೂರಿನ ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲಿ. ಕಾಸರಗೋಡು, ಮಂಜೇಶ್ವರ ತಾಲೂಕಿನ ಮನೆಗಳಿಗೆ ಈ ವಿಷಯ ಕನ್ನಡದಲ್ಲಿ ತಲುಪಬೇಕು ಅಲ್ವಾ? ನೀವು ಡಾಕ್ಟರೊಬ್ಬರಿಂದ ಬರೆಸಿ ಹಾಕಿದರೆ ಅದನ್ನು ಕತ್ತರಿಸಿ ನಮ್ಮ ಊರಿನ ಹಾಲಿನ ಸೊಸೈಟಿಯ ಗೋಡೆಗೆ ನಾನೇ ಅಂಟಿಸುತ್ತೇನೆ.

ಇತಿ,
ಬದಿಯಡ್ಕದ ಒಬ್ಬ ಓದುಗಿ