ಕಾಳಿಯ ಗುರುತು: ಗೆಳೆಯನಿಗೊಂದು ಪತ್ರ

ಶಿರಸಿ

ಗೆಳೆಯಾ,

ನೀನು ಕಾರವಾರದಿಂದ ಕಳಿಸಿದ ಮೂರೂ ಲೋಗೋ ನೋಡಿದೆ. ಕದಂಬರ ಸಿಂಹದ್ದು ಬಿಟ್ಟುಬಿಡು ಮಾರಾಯ. ಬನವಾಸಿ ನಮ್ಮ ತಾಲೂಕಿನದೇ, ಅಭಿಮಾನ ನನಗೂ ಇದೆ. ಆದರೆ ನೀನು ಮಾಡುವುದು ಕೆಲಸದ ನಾಯಿಯ ಬೆಲ್ಟು, ಹಾರ್ನೆಸ್ಸು. ಅದರ ಮೇಲೂ ಸಿಂಹವೇ ಕೂತರೆ ನಾಯಿಗೆ ಜಾಗ ಎಲ್ಲಿ? ಹಸೆಚಿತ್ತಾರವೂ ಬೇಡ. ದೀವರ ಮನೆಗಳಲ್ಲಿ ಅದು ಮದುವೆಗೆ ಗೋಡೆಯ ಮೇಲೆ ಬರೆಯುವಂಥದ್ದು, ಬರೆಯುವ ಹೆಂಗಸರು ಇವತ್ತಿಗೂ ಇದ್ದಾರೆ. ಅವರನ್ನು ಒಂದು ಮಾತು ಕೇಳದೆ ಅದನ್ನು ನಾಯಿಯ ಕೊರಳಿಗೆ ಕಟ್ಟುವುದು ಸರಿಯಲ್ಲ.

ಮೂರನೆಯದನ್ನೇ, ಮಂಡ್ಯ ಜಿಲ್ಲೆಯ ಆತಕೂರಿನ ನಾಯಿ ಕಾಳಿಯನ್ನೇ ಹಿಡಿ. ಕ್ರಿ.ಶ. 949ರ ಸುಮಾರಿನ ಕಥೆ ಅದು. ತಕ್ಕೋಲದಲ್ಲಿ ಚೋಳರ ಮೇಲೆ ಕಾದಿ ಗೆದ್ದ ಮೇಲೆ ಗಂಗರ ಅರಸ ಬೂತುಗ ತನ್ನ ವೀರ ಮಣಲೇರನಿಗೆ ಏನು ಬೇಕೋ ಕೇಳು ಅಂದ. ಮಣಲೇರ ಬೇಡಿದ್ದು ಅರಸನ ನಾಯಿ ಕಾಳಿಯನ್ನು. ಮುಂದೆ ಅದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬಹುಮಾನವಾಗಿ ಬೇಡಿ ಪಡೆದ ನಾಯಿ, ಹೆಸರು ಕಲ್ಲಿನ ಮೇಲೆ ಉಳಿದ ನಾಯಿ: ನಿನ್ನ ಗುರುತಿನ ಅರ್ಥ ಇದಕ್ಕಿಂತ ಬೇರೆ ಏನು ಬೇಕು?

ಆದರೆ ಕಲ್ಲಿನ ಚಿತ್ರವನ್ನು ಇದ್ದಂತೆಯೇ ಇಳಿಸಿದ್ದು ತಪ್ಪು. ಹಂದಿಯನ್ನು ತೆಗೆ. ಬೆಲ್ಟಿನ ಅಗಲಕ್ಕೆ ಕುಗ್ಗಿದಾಗ ಎರಡು ಪ್ರಾಣಿ ಸೇರಿ ಒಂದು ಕಲೆಯಾಗಿ ಕಾಣುತ್ತದೆ. ಅಲ್ಲದೆ ನೋಡಿದವರಿಗೆ ಬೇಟೆಯ ಸಾಮಾನು ಅನ್ನಿಸುತ್ತದೆ. ನಾಯಿ ಒಂದೇ ಇರಲಿ, ಕಾಲೂರಿ, ಕುತ್ತಿಗೆ ಮುಂದೆ ಚಾಚಿ.

ಬರೆಯುವ ರೀತಿಯನ್ನು ನಮ್ಮ ಕರಾವಳಿಯ ಕಾವಿ ಕಲೆಯಿಂದ ಕಲಿ. ಅಂಕೋಲಾ, ಕುಮಟಾ ಕಡೆಯ ಹಳೆಯ ಗುಡಿಗಳ ಗೋಡೆಯನ್ನು ಹತ್ತಿರ ನಿಂತು ನೋಡು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಅದು ಹಸಿ ಇರುವಾಗಲೇ ಕಂಟದಿಂದ, ಅಂದರೆ ಚೂಪು ಮೊನೆಯ ಸಲಕರಣೆಯಿಂದ, ಕೆರೆಯುತ್ತಾರೆ. ಕೆರೆದಲ್ಲಿ ಅಡಿಯ ಬಿಳಿ ಏಳುತ್ತದೆ, ಉಳಿದದ್ದು ಕೆಂಪು. ನೆರಳಿಲ್ಲ, ಮೂರನೆಯ ಬಣ್ಣವಿಲ್ಲ. ಚರ್ಮದ ಮೇಲೆ ಅಚ್ಚೊತ್ತುವಾಗಲೂ ನಿನ್ನ ಕೈಯಲ್ಲಿ ಇರುವುದು ಇಷ್ಟೇ, ಒತ್ತಿದ ಜಾಗ ಮತ್ತು ಒತ್ತದ ಜಾಗ. ಹಾಗಾಗಿ ನಾಯಿಯ ಮೈಯೆಲ್ಲ ಒಂದೇ ತುಂಬು ಆಕಾರವಾಗಲಿ, ಕೊರಳಲ್ಲಿ ಮಾತ್ರ 1 ಮಿ.ಮೀ. ಪಟ್ಟಿಯನ್ನು ಖಾಲಿ ಬಿಡು. ಆ ಖಾಲಿಯೇ ಬೆಲ್ಟು. ನೀನು ಮಾಡುವ ವಸ್ತು ಗುರುತಿನೊಳಗೇ ಬಂತು, ಒಂದು ಗೆರೆಯೂ ಹೆಚ್ಚಾಗಲಿಲ್ಲ.

25 ಮಿ.ಮೀ. ಬೆಲ್ಟಿನಲ್ಲಿ ಎರಡೂ ಅಂಚಿನ ಹೊಲಿಗೆ ಬಿಟ್ಟು ಸಿಗುವುದು 15 ಮಿ.ಮೀ. ಎತ್ತರ. ಗೆರೆ 0.8 ಮಿ.ಮೀ.ಗಿಂತ ತೆಳ್ಳಗಾಗುವುದು ಬೇಡ. ನೀನು ಬೆನ್ನಿನ ಮೇಲೆ ಎಳೆದ ರೋಮದ ಗೀರುಗಳನ್ನೆಲ್ಲ ಅಳಿಸು. ಮಳೆಗಾಲದಲ್ಲಿ ಅಂಥ ಸಣ್ಣ ತಗ್ಗಿನಲ್ಲೇ ಕೆಸರು ಕೂತು ಬೂಸ್ಟು ಹಿಡಿಯುವುದು. ಚರ್ಮ 3.5 ಮಿ.ಮೀ. ದಪ್ಪದ್ದು, ತೊಗಟೆಯಲ್ಲಿ ಹದ ಮಾಡಿದ್ದೇ ಆಗಬೇಕು. ಕ್ರೋಮ್ ಉಪ್ಪಿನಲ್ಲಿ ಹದ ಮಾಡಿದ ಚರ್ಮ ಒತ್ತಿದ ಗುರುತನ್ನು ಹಿಡಿದಿಡುವುದಿಲ್ಲ, ಮತ್ತೆ ಉಬ್ಬಿ ಬರುತ್ತದೆ. ಎಣ್ಣೆ ಕೊಡುವ ಮೊದಲು, ಹೊಲಿಯುವ ಮೊದಲು ಅಚ್ಚು ಒತ್ತು. ಸ್ಪಂಜಿನಿಂದ ನೀರು ಸವರಿ, ಕಪ್ಪಾದ ಮೇಲ್ಮೈ ಮತ್ತೆ ತನ್ನ ಬಣ್ಣಕ್ಕೆ ತಿರುಗತೊಡಗಿದಾಗ ಹಿತ್ತಾಳೆಯ ಅಚ್ಚನ್ನು ತಣ್ಣಗೆ ಒತ್ತಬೇಕು. ತೀರಾ ಒದ್ದೆಯಿದ್ದರೆ ಅಂಚು ಮೊಂಡಾಗುತ್ತದೆ. ಒಣಗಿದ್ದರೆ ಅಚ್ಚು ಇಳಿಯುವುದೇ ಇಲ್ಲ. ಒದ್ದೆ ಚರ್ಮದ ಮೇಲೆ ಕಾದ ಅಚ್ಚು ಇಟ್ಟರೆ ಚರ್ಮ ಸುರುಟಿ ಗಟ್ಟಿಯಾಗುತ್ತದೆ. ತೂತುಗಳ ಸಾಲಿನಿಂದ, ಬಕಲ್ ಮಡಿಕೆಯಿಂದ ದೂರ ಇರಲಿ.

ನೈಲಾನ್ ಹಾರ್ನೆಸ್ಸಿಗೆ ಕಸೂತಿ. ಅಲ್ಲಿ ಆ ಕೊರಳ ಖಾಲಿಯನ್ನು 1.5 ಮಿ.ಮೀ.ಗೆ ಹಿಗ್ಗಿಸು, ಇಲ್ಲವಾದರೆ ದಾರ ಉಬ್ಬಿ ಮುಚ್ಚಿಹೋಗುತ್ತದೆ. ದಾರ ಪಾಲಿಯೆಸ್ಟರ್‌ದು, ರೇಯಾನ್ ಹೊಳೆಯುತ್ತದೆ ಸರಿ, ಬಿಸಿಲಿಗೆ ಬೇಗ ಮಂಕಾಗುತ್ತದೆ. ಹೆಸರಿನ ಅಕ್ಷರ 5 ಮಿ.ಮೀ.ಗಿಂತ ಚಿಕ್ಕದಾದರೆ ಕನ್ನಡದ ಒತ್ತು ಕಟ್ಟಿಕೊಳ್ಳುತ್ತದೆ. ‘ಕಾಳಿ’ಗೆ ಒತ್ತಿಲ್ಲದ್ದು ಒಳ್ಳೆಯದೇ ಆಯಿತು, ಆದರೆ ‘ಳಿ’ಯ ಒಳಗಿನ ಖಾಲಿ ಜಾಗ ತೆರೆದಿರುವಂತೆ ನೋಡಿಕೊ.

ಟ್ರೇಡ್‌ಮಾರ್ಕ್ ನೋಂದಣಿ 18ನೇ ವರ್ಗದಲ್ಲಿ ಮಾಡಿಸು, ಪ್ರಾಣಿಗಳ ಬೆಲ್ಟು, ಹಗ್ಗ ಎಲ್ಲ ಅಲ್ಲೇ ಬರುತ್ತವೆ. ಸಿಕ್ಕರೆ 10 ವರ್ಷ, ಆಮೇಲೆ ನವೀಕರಣ. ಅಂಚಿನಲ್ಲಿ ಗಂಡಭೇರುಂಡ ಸೇರಿಸುವ ಯೋಚನೆ ಬೇಡ, ಅದು ರಾಜ್ಯದ ಲಾಂಛನ.

ಹಿತ್ತಾಳೆ ಅಚ್ಚಿಗೆ ದುಡ್ಡು ಕೊಡುವ ಮೊದಲು ಹೊಸ ಚಿತ್ರವನ್ನು 15 ಮಿ.ಮೀ.ಗೆ ಇಳಿಸಿ ಕಪ್ಪು-ಬಿಳುಪಿನಲ್ಲಿ ಪ್ರಿಂಟ್ ತೆಗೆ, ಗೋಡೆಗೆ ಅಂಟಿಸಿ ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡು. ಕೊರಳ ಬಿಳಿ ಗೆರೆ ಕಂಡರೆ ನನಗೊಂದು ಪ್ರತಿ ಕಳಿಸು.

ನಿನ್ನ
ಗೆಳೆಯ