ನಮ್ಮ ಜೀನ್ಸ್ ವೆಬ್‌ಸೈಟಿಗೆ ನೀವು ಹಾಕಿದ ಸ್ಕ್ರಿಪ್ಟ್‌ಗಳ ಬಗ್ಗೆ ದೂರು

ನಮಸ್ಕಾರ ಸರ್,

ಬಳ್ಳಾರಿ ಕೌಲ್ ಬಜಾರಿನ ನಮ್ಮ ಜೀನ್ಸ್ ಘಟಕದ ವೆಬ್‌ಸೈಟಿಗೆ ಇಂಟರಾಕ್ಟಿವ್ ಫೀಚರ್ ಸೇರಿಸಿಕೊಡುತ್ತೇವೆ ಅಂತ ಅಡ್ವಾನ್ಸ್ ತಗೊಂಡಿರಿ. ಈಗ ಕೆಲಸ ಮುಗಿಯಿತು ಅಂತ ಬಿಲ್ಲೂ ಕಳಿಸಿದ್ದೀರಿ. ಕೆಲಸ ಮುಗಿದಿಲ್ಲ, ಕೆಟ್ಟಿದೆ. ಫೋನ್ ಮಾಡಿದಾಗಲೆಲ್ಲ "ಟೆಕ್ನಿಕಲ್ ಟೀಮಿಗೆ ಹೇಳ್ತೀವಿ ಸರ್" ಎನ್ನುತ್ತೀರಿ, ಆ ಟೀಮಿನಿಂದ ಯಾರೂ ಮಾತಾಡುವುದಿಲ್ಲ. ಅದಕ್ಕೇ ಎಲ್ಲವನ್ನೂ ಬರೆದು ಕೊಡುತ್ತಿದ್ದೇನೆ. ದಯವಿಟ್ಟು ಕೋಡ್ ಬರೆಯುವವರ ಕೈಗೇ ಇದನ್ನು ಕೊಡಿ.

ನಾವು ಕೇಳಿದ್ದು ಮೂರೇ ಮೂರು. ಸೆಟ್ ಲೆಕ್ಕದಲ್ಲಿ ರೇಟ್ ತೋರಿಸುವ ಕ್ಯಾಲ್ಕುಲೇಟರ್, ಡಿಸೈನ್ ನಂಬರ್ ಸಮೇತ ಮೆಸೇಜ್ ತೆರೆಯುವ ವಾಟ್ಸಾಪ್ ಬಟನ್, ಮತ್ತೆ ಒಂದು ಎನ್‌ಕ್ವೈರಿ ಫಾರ್ಮ್. ನಮ್ಮ ಸೈಟಿಗೆ ಬರುವವರು ಸುಮ್ನೆ ನೋಡಿಕೊಂಡು ಹೋಗುವ ಜನ ಅಲ್ಲ. ಸಿಂಧನೂರು, ಗಂಗಾವತಿ, ಆದೋನಿ, ಗುಂತಕಲ್ಲಿನ ಬಟ್ಟೆ ಅಂಗಡಿಯವರು. ಎದುರಿಗೆ ಗಿರಾಕಿ ನಿಂತಿರುವಾಗಲೇ ಒಂದು ಕೈಯಲ್ಲಿ ಫೋನ್ ಹಿಡಿದು ನಮ್ಮ ರೇಟ್ ನೋಡುತ್ತಾರೆ. ಅವರಿಗೆ ಬೇಕಾಗಿದ್ದು ಈ ಮೂರು ಮಾತ್ರ. ಇವು ಮೂರೂ ಸರಿಯಾಗಿ ನಡೆಯುತ್ತಿಲ್ಲ, ಕೇಳದೇ ಇದ್ದದ್ದು ಮಾತ್ರ ಪೇಜಿನ ತುಂಬಾ ಕುಣಿಯುತ್ತಿದೆ.

ಮೊದಲು ಕ್ಯಾಲ್ಕುಲೇಟರ್. ನಮ್ಮದು ಹೋಲ್‌ಸೇಲ್. 28, 30, 32, 34, 36, ಐದು ಸೈಜ್ ಸೇರಿ ಒಂದು ಸೆಟ್, ಬಿಡಿ ಕೊಡುವುದಿಲ್ಲ ಅಂತ ಶುರುವಿನಲ್ಲೇ ಹೇಳಿದ್ದೆ. ನಿಮ್ಮ ಕ್ಯಾಲ್ಕುಲೇಟರಿನಲ್ಲಿ 7 ಪೀಸ್ ಅಂತ ಹಾಕಿದರೂ ಒಪ್ಪಿಕೊಂಡು ರೇಟ್ ಕೊಡುತ್ತದೆ. ಅದಕ್ಕಿಂತ ದೊಡ್ಡ ತಪ್ಪು ಜಿಎಸ್‌ಟಿಯದು. 2025ರ ಸೆಪ್ಟೆಂಬರ್ 22ರಿಂದ ಪೀಸಿಗೆ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ 5% ತೆರಿಗೆ. ಅದಕ್ಕೂ ಮುಂಚೆ 1,000 ರೂಪಾಯಿ ದಾಟಿದರೆ 12% ಇತ್ತು. ರೇಟ್ ಬದಲಾದ ಮೇಲೆ ನೀವು ಮಾಡಿದ ಕೆಲಸ ಇದು, ಆದರೂ ಸ್ಕ್ರಿಪ್ಟಿನ (ಪೇಜಿನಲ್ಲಿ ಕೆಲಸ ಮಾಡಿಸುವ ಕೋಡಿನ) ಒಳಗೆ ಹಳೇ ಲೆಕ್ಕವೇ ಕೂತಿದೆ. 1,200 ರೂಪಾಯಿಯ ಡೆನಿಮ್ ಜಾಕೆಟ್‌ಗೆ 60 ರೂಪಾಯಿ ತೆರಿಗೆ ತೋರಿಸಬೇಕು, ನಿಮ್ಮದು 144 ತೋರಿಸುತ್ತದೆ. ನೂರು ಪೀಸಿಗೆ 8,400 ರೂಪಾಯಿ ಜಾಸ್ತಿ ಆಯಿತು. ಅಷ್ಟು ನೋಡಿದ ವ್ಯಾಪಾರಿ ನಮಗೆ ಫೋನ್ ಮಾಡಿ ಕೇಳುವುದಿಲ್ಲ ಸರ್, ಇನ್ನೊಬ್ಬರ ಹತ್ತಿರ ಹೋಗುತ್ತಾನೆ. ಸರಿ ಮಾಡಿ ಅಂದರೆ ಅದಕ್ಕೆ ಬೇರೆ ಚಾರ್ಜ್ ಆಗುತ್ತದೆ ಅಂತ ನಿಮ್ಮವರು ಹೇಳಿದರು. ತಪ್ಪು ಲೆಕ್ಕವನ್ನು ಸರಿಮಾಡಲು ನಾನ್ಯಾಕೆ ದುಡ್ಡು ಕೊಡಬೇಕು? ತೆರಿಗೆಯ ರೇಟು, ಸೆಟ್ಟಿನ ಪೀಸು, ನಮ್ಮ ಬೆಲೆ, ಇವನ್ನು ಅಡ್ಮಿನ್ ಪೇಜಿನಲ್ಲಿ ನಾವೇ ಬದಲಾಯಿಸುವ ಹಾಗೆ ಇಡಿ. ನಾಳೆ ಸರ್ಕಾರ ಮತ್ತೆ ಬದಲಾಯಿಸಿದರೆ ನಿಮ್ಮ ದಾರಿ ಕಾಯುತ್ತಾ ಕೂರಲು ಆಗುವುದಿಲ್ಲ.

ಫಾರ್ಮಿನ ವಿಷಯ ಹೇಳಲು ನಿಜವಾಗಲೂ ಬೇಜಾರಾಗುತ್ತದೆ. ಹೆಸರಿನ ಜಾಗದಲ್ಲಿ ಕನ್ನಡದಲ್ಲಿ ಮಂಜುನಾಥ ಅಂತ ಬರೆದರೆ ಕೆಂಪು ಅಕ್ಷರದಲ್ಲಿ "ಸರಿಯಾದ ಹೆಸರು ಹಾಕಿ" ಅಂತ ಇಂಗ್ಲಿಷಿನಲ್ಲಿ ಬರುತ್ತದೆ. ಮಂಜುನಾಥ ಸರಿಯಾದ ಹೆಸರಲ್ಲವಾ? ಕಂಪ್ಯೂಟರ್ ಸೈನ್ಸ್ ಓದುತ್ತಿರುವ ನಮ್ಮ ಅಣ್ಣನ ಮಗಳು ಪೇಜಿನ ಸೋರ್ಸ್, ಅಂದರೆ ಒಳಗಿನ ಕೋಡ್, ತೆರೆದು ತೋರಿಸಿದಳು. ಎ ಇಂದ ಜೆಡ್‌ವರೆಗಿನ ಅಕ್ಷರ ಬಿಟ್ಟು ಬೇರೆ ಏನು ಬಂದರೂ ತಳ್ಳಿಬಿಡಿ ಅಂತ ಅಲ್ಲಿ ಬರೆದಿದ್ದೀರಿ. ಎಲ್ಲ ಲಿಪಿಯ ಅಕ್ಷರಗಳನ್ನೂ ಗುರುತಿಸುವ ಸೌಲಭ್ಯ ನೀವು ಸ್ಕ್ರಿಪ್ಟ್ ಬರೆಯುವ ಜಾವಾಸ್ಕ್ರಿಪ್ಟ್ ಭಾಷೆಗೆ 2018ರಲ್ಲೇ ಬಂದಿದೆಯಂತೆ. ಸರಿ ಮಾಡುವಾಗ ಒಂದು ನೆನಪಿಡಿ, ಬರೀ ಅಕ್ಷರ ಒಪ್ಪಿದರೆ ಸಾಲದು, ಗುಡಿಸು, ಕೊಂಬು, ಒತ್ತು, ಸೊನ್ನೆ ಎಲ್ಲವನ್ನೂ ಒಪ್ಪಬೇಕು. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಯುನಿಕೋಡಿನಲ್ಲಿ ಅವು ಬೇರೆ ಗುಂಪು. ಇಲ್ಲಾಂದ್ರೆ ಮತ್ತೆ ಮಂಜುನಾಥ ಬಾಗಿಲಲ್ಲೇ ನಿಲ್ಲುತ್ತಾನೆ.

ಜಿಲ್ಲೆ ಆರಿಸುವ ಪಟ್ಟಿಯೂ ಹಾಗೇ. ಅದರಲ್ಲಿ ಇನ್ನೂ "ಬೆಲ್ಲಾರಿ" ಅಂತಿದೆ. 2014ರ ನವೆಂಬರ್ 1ಕ್ಕೇ ಅದು ಅಧಿಕೃತವಾಗಿ ಬಳ್ಳಾರಿ ಆಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯಿತು, ಪಟ್ಟಿಯಲ್ಲಿ ಆ ಜಿಲ್ಲೆಯೇ ಇಲ್ಲ. ಹೊಸಪೇಟೆ ಅಂಗಡಿಯವರು ಏನು ಆರಿಸಬೇಕು ಹೇಳಿ.

ವಾಟ್ಸಾಪ್ ಬಟನ್ ಒತ್ತಿದರೆ ನಂಬರ್ ಸರಿಯಿಲ್ಲ ಅಂತ ಬರುತ್ತದೆ, ಯಾಕಂದ್ರೆ ಲಿಂಕಿನಲ್ಲಿ ನಂಬರಿನ ಮುಂದೆ 91 ಇಲ್ಲ, ಸೊನ್ನೆ ಇದೆ. ಇದಕ್ಕೆ ಸ್ಕ್ರಿಪ್ಟೇ ಬೇಕಾಗಿಲ್ಲ, ಒಂದು ಸಾದಾ ಲಿಂಕ್ ಸಾಕು. ಅದರ ಮೇಲೆಯೇ ನಿಮ್ಮ ಚಾಟ್ ಗುಳ್ಳೆ ಬೇರೆ ಬಂದು ಕೂರುತ್ತದೆ. ಸಣ್ಣ ಫೋನಿನಲ್ಲಿ ಬಟನ್ ಕಾಣುವುದೇ ಇಲ್ಲ.

ಇನ್ನು ಕೇಳದೇ ಹಾಕಿದ್ದಕ್ಕೆ ಬರುತ್ತೇನೆ. ನನಗೆ ಜಾಸ್ತಿ ಸಿಟ್ಟು ಬಂದಿರುವುದು ಇದಕ್ಕೇ. "ಪುಣೆಯ ಗ್ರಾಹಕರೊಬ್ಬರು ಈಗ ತಾನೇ 5 ಸೆಟ್ ಖರೀದಿಸಿದರು" ಅಂತ ಪೇಜಿನ ಮೂಲೆಯಲ್ಲಿ ಒಂದು ಪಾಪ್‌ಅಪ್ ಏಳುತ್ತದೆ. ನಮ್ಮ ಸೈಟಿನಲ್ಲಿ ಖರೀದಿ ಮಾಡುವ ವ್ಯವಸ್ಥೆಯೇ ಇಲ್ಲ, ದುಡ್ಡು ಕಟ್ಟುವ ಜಾಗವೇ ಇಲ್ಲ! ಪಕ್ಕದಲ್ಲಿ "ಆಫರ್ 10 ನಿಮಿಷದಲ್ಲಿ ಮುಗಿಯುತ್ತದೆ" ಅನ್ನುವ ಗಡಿಯಾರ, ಪೇಜ್ ರಿಫ್ರೆಶ್ ಮಾಡಿದರೆ ಮತ್ತೆ ಹತ್ತರಿಂದ ಶುರು. ಸಿಂಧನೂರಿನ ನಮ್ಮ ಹಳೇ ಗಿರಾಕಿ ಇದನ್ನು ನೋಡಿ ಫೋನ್ ಮಾಡಿ, "ಏನ್ರೀ ಸಾವ್ಕಾರ್ರೇ, ಪುಣೆದವ್ರಿಗೆ ಯಾ ರೇಟಿಗೆ ಕೊಟ್ರಿ, ನಮಗಷ್ಟೇ ಜಾಸ್ತಿ ಹಚ್ಚೀರೇನ್ರೀ" ಅಂದರು. ಅವರಿಗೆ ಏನು ಹೇಳಲಿ? ವರ್ಷಗಟ್ಟಲೆ ಉದ್ರಿ ಕೊಟ್ಟು ತಗೊಂಡು ಬೆಳೆದ ನಂಬಿಕೆ ಅದು. ನಮ್ಮ ಹೆಸರು, ನಮ್ಮ ಲೇಬಲ್ ಇರುವ ಜಾಗದಲ್ಲಿ ನೀವು ಸುಳ್ಳು ಹೇಳಿದ್ದೀರಿ, ನಮ್ಮನ್ನು ಒಂದು ಮಾತು ಕೇಳದೆ.

ಇದು ಬರೀ ನಂಬಿಕೆಯ ಮಾತೂ ಅಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್‌ಗಳ (ಗ್ರಾಹಕರನ್ನು ದಾರಿ ತಪ್ಪಿಸುವ ವೆಬ್‌ಸೈಟ್ ತಂತ್ರಗಳ) ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಅದರಲ್ಲಿ ಹೆಸರಿಸಿದ 13 ಬಗೆಯ ಮೋಸದಲ್ಲಿ ಮೊದಲನೆಯದೇ ಸುಳ್ಳು ಅವಸರ ಹುಟ್ಟಿಸುವುದು. ಸೈಟ್ ನಮ್ಮದು, ನಾಳೆ ನೋಟಿಸ್ ಬಂದರೆ ಉತ್ತರ ಕೊಡಬೇಕಾದವನು ನಾನು. "ಈಗಿನ ಟ್ರೆಂಡ್ ಇದೇ ಸರ್" ಅನ್ನುವ ಉತ್ತರ ಅಲ್ಲಿ ನಡೆಯುವುದಿಲ್ಲ.

ಇಷ್ಟೆಲ್ಲ ಸೇರಿ ಪೇಜ್ ತೆರೆಯುವುದೇ ಕಷ್ಟವಾಗಿದೆ. ಜೆಕ್ವೆರಿ ಅನ್ನುವ ಸಿದ್ಧ ಕೋಡಿನ ಎರಡು ಬೇರೆ ಬೇರೆ ವರ್ಷನ್ ಹಾಕಿದ್ದೀರಿ, ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತದೆ. ಸ್ಕ್ರಿಪ್ಟ್‌ಗಳನ್ನೆಲ್ಲ ಪೇಜಿನ ತಲೆಯಲ್ಲೇ ತುಂಬಿದ್ದೀರಿ, ಪೇಜ್ ಓದಿ ಮುಗಿದ ಮೇಲೆ ಓಡು ಅಂತ ಹೇಳುವ ಡಿಫರ್ ಅನ್ನುವ ಒಂದು ಪದ ಸೇರಿಸಿಲ್ಲ, ಹಾಗಾಗಿ ಅವೆಲ್ಲ ಇಳಿದು ಓಡುವವರೆಗೆ ಬಿಳೀ ಪರದೆ. ಜೀನ್ಸ್ ಫೋಟೋ ಕಂಡ ಮೇಲೂ ಸೈಜ್ ಚಾರ್ಟ್ ಒತ್ತಿದರೆ ಏನೂ ಆಗುವುದಿಲ್ಲ. ಸ್ಕ್ರಿಪ್ಟ್ ಓಡುತ್ತಿರುವಾಗ ಬೆರಳಿನಲ್ಲಿ ಒತ್ತಿದ್ದಕ್ಕೆ ಬ್ರೌಸರ್ ತಕ್ಷಣ ಸ್ಪಂದಿಸುವುದಿಲ್ಲ ಅಂತ ನಿಮಗೇ ಗೊತ್ತಿರಬೇಕಲ್ವಾ? ಮುಖ್ಯ ಚಿತ್ರ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು ಎಂದು ಗೂಗಲ್ಲೇ ಅಳತೆ ಇಟ್ಟಿದೆ. ನಿಮ್ಮ ಆಫೀಸಿನ ವೈಫೈ, ದುಬಾರಿ ಫೋನ್ ಇಟ್ಟುಕೊಂಡು ನೋಡಿದರೆ ಎಲ್ಲವೂ ಚೆನ್ನಾಗೇ ಕಾಣುತ್ತದೆ.

ಇನ್ನೊಂದು ವಿಷಯ ಕೇಳಿ ಗಾಬರಿಯೇ ಆಯಿತು. ಹಳೇ ಬ್ರೌಸರ್‌ಗಳಿಗೆ ಹೊಸ ಸೌಲಭ್ಯ ಒದಗಿಸುತ್ತಿದ್ದ ಪಾಲಿಫಿಲ್ ಡಾಟ್ ಐಒ ವಿಳಾಸದಿಂದ ಸ್ಕ್ರಿಪ್ಟ್ ತರುವ ಒಂದು ಸಾಲು ನಮ್ಮ ಪೇಜಿನಲ್ಲಿದೆ. ಆ ವಿಳಾಸ 2024ರಲ್ಲಿ ಬೇರೆಯವರ ಕೈಗೆ ಹೋಗಿ, ಜೂನ್‌ನಲ್ಲಿ ಅದರಿಂದ ಕೆಟ್ಟ ಕೋಡ್ ಹರಿದು, ಲಕ್ಷಕ್ಕೂ ಹೆಚ್ಚು ಸೈಟ್‌ಗಳಿಗೆ ತೊಂದರೆಯಾಗಿ, ಮೊಬೈಲಿನಲ್ಲಿ ನೋಡುವವರು ಬೆಟ್ಟಿಂಗ್ ಸೈಟಿಗೆ ಹೋಗುವಂತಾಗಿತ್ತು. ಅದಾದ ಮೇಲೂ ಆ ಸಾಲು ನಮ್ಮಲ್ಲಿ ಇದೆ ಅಂದರೆ ಹಳೇ ಟೆಂಪ್ಲೇಟನ್ನು ಓದದೇ ಹಾಕಿದ್ದೀರಿ ಎಂದೇ ಅರ್ಥ. ಹಾಗೇ ಗ್ರಾಹಕರ ಓಡಾಟವನ್ನೆಲ್ಲ ರೆಕಾರ್ಡ್ ಮಾಡುವ ಸ್ಕ್ರಿಪ್ಟ್ ಒಂದಿದೆ. ಅವರು ಫಾರ್ಮಿನಲ್ಲಿ ಹಾಕುವ ಫೋನ್ ನಂಬರ್ ಯಾರ ಸರ್ವರಿಗೆ ಹೋಗುತ್ತಿದೆ? ಇದಕ್ಕೆ ಲಿಖಿತ ಉತ್ತರ ಬೇಕು.

ಸುಳ್ಳು ಪಾಪ್‌ಅಪ್, ಗಡಿಯಾರ ಮತ್ತು ಪಾಲಿಫಿಲ್ ಸಾಲನ್ನು ಇವತ್ತೇ ತೆಗೆಯಿರಿ, ಅದಕ್ಕೆ ಮೀಟಿಂಗ್ ಬೇಡ. ಚಾಟ್, ರೆಕಾರ್ಡಿಂಗ್, ತಾನೇ ಓಡುವ ವೀಡಿಯೋ, ನೋಟಿಫಿಕೇಶನ್ ಕೇಳುವ ಪೆಟ್ಟಿಗೆ, ಇವೂ ನಮಗೆ ಬೇಡ. ನಾವು ಕೇಳಿದ ಮೂರನ್ನು ಹದಿನೈದು ದಿನದೊಳಗೆ ಸರಿ ಮಾಡಿ, ನಮ್ಮ ಘಟಕಕ್ಕೇ ಬಂದು ಇಲ್ಲಿನ ಮೊಬೈಲ್ ನೆಟ್‌ವರ್ಕಿನಲ್ಲಿ, ನಮ್ಮ ಹುಡುಗರ ಫೋನಿನಲ್ಲಿ ತೋರಿಸಿ. ಅವತ್ತೇ ಬಾಕಿ ಹಣ ಕೊಡುತ್ತೇನೆ. ಆಗುವುದಿಲ್ಲ ಎಂದಾದರೆ ಹೋಸ್ಟಿಂಗ್, ಡೊಮೇನ್, ಸ್ಕ್ರಿಪ್ಟ್ ಸೇರಿಸಿ ತೆಗೆಯುವ ಟ್ಯಾಗ್ ಮ್ಯಾನೇಜರ್ ಲಾಗಿನ್‌ಗಳನ್ನೂ ಪೂರ್ತಿ ಕೋಡನ್ನೂ ನಮ್ಮ ಹೆಸರಿಗೆ ವರ್ಗಾಯಿಸಿ, ಅಡ್ವಾನ್ಸ್ ವಾಪಸ್ ಕೊಡಿ.

ಇಂತಿ,
ಜೀನ್ಸ್ ಘಟಕದ ಮಾಲೀಕ
ಕೌಲ್ ಬಜಾರ್, ಬಳ್ಳಾರಿ